ಧಣಿಯಲ್ಲದ ಧಣಿ: ಟೆಕ್ಸ್ ಶ್ರಾಮ್

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡಿಗೆ ಕಾಲು ತಾಗುವುದು ಅಪರೂಪ. ಚೆಂಡು ಕೂಡ ನಾವು ಬಲ್ಲ ಚೆಂಡಿನಂತಿಲ್ಲ. ಎರಡು ತುದಿಗಳಲ್ಲೂ ಚೂಪಾಗಿ, ಸುಲಿಯದ ತೆಂಗಿನಕಾಯಿಯ ಆಕಾರದಲ್ಲಿರುತ್ತದೆ. ಹನ್ನೊಂದು ಹನ್ನೊಂದು ಮಂದಿಯ ಎರಡು ತಂಡಗಳು 100 ಗಜ ಉದ್ದದ ಬಯಲಿನಲ್ಲಿ ಎದುರುಬದುರಾಗಿ ನಿಲ್ಲುತ್ತವೆ. ಚೆಂಡು ಯಾರ ವಶದಲ್ಲಿದೆಯೋ ಅವರಿಗೆ ನಾಲ್ಕು ಅವಕಾಶಗಳು. ಅಷ್ಟರೊಳಗೆ 10 ಗಜ ಮುಂದೊತ್ತಿದರೆ ಮತ್ತೆ ನಾಲ್ಕು. ಒತ್ತಲಾರದೆ ಹೋದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಕೊನೆಯ ಗೆರೆಯನ್ನು ದಾಟಿದವರಿಗೆ ಆರು ಅಂಕ. ತಲೆಗೆ ಗಟ್ಟಿಯಾದ ಟೋಪಿ, ಹೆಗಲಿಗೆ ಮೆತ್ತೆ, ನಡುವೆ ಮೈಗೆ ಮೈ ಅಪ್ಪಳಿಸುವ ಸದ್ದು. ಒಂದೊಂದು ಪ್ರಯತ್ನವೂ ಕೆಲವೇ ಸೆಕೆಂಡುಗಳಲ್ಲಿ ಮುಗಿದು, ಆಮೇಲೆ ಅರ್ಧ ನಿಮಿಷದ ಬಿಡುವು. ಈ ಬಿಡುವನ್ನು ವಾಚಕರು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಗೆ ಅದರಿಂದ ಕೆಲಸವಿದೆ.

ಈ ಆಟದ ದೊಡ್ಡ ಆಟಗಾರರ ಹೆಸರು ಅಲ್ಲಿ ಮನೆಮಾತು. ಶಿಕ್ಷಕರ ಹೆಸರೂ ಅಷ್ಟೆ. ಆದರೆ ಇವರಿಬ್ಬರ ಹಿಂದೆ ಮೂರನೆಯವನೊಬ್ಬನಿರುತ್ತಾನೆ. ಜನರಲ್ ಮೇನೇಜರ್ ಎಂದು ಅವನ ಹುದ್ದೆಯ ಹೆಸರು. ಹಣ ಹಾಕುವವನು ಧಣಿ, ಬೆವರು ಸುರಿಸುವವನು ಆಟಗಾರ. ಇಬ್ಬರ ನಡುವೆ ಕುಳಿತು ಯಾರನ್ನು ಕೊಳ್ಳಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನು ಯಾವ ಊರಿಗೆ ಸಾಗಹಾಕಬೇಕು, ಟಿಕೀಟಿಗೆ ಬೆಲೆಯೇನು ಎಂದು ತೀರ್ಮಾನಿಸುವವನು ಈತ. ನಮ್ಮ ಹಿಂದಿನ ಮಾತಿನಲ್ಲಿ ಹೇಳುವುದಾದರೆ ಪಾರುಪತ್ತೇಗಾರ. ಇಂಥ ಪಾರುಪತ್ತೇಗಾರರಲ್ಲಿ ಟೆಕ್ಸ್ ಶ್ರಾಮ್ ಎಂಬಾತನಷ್ಟು ದೂರಕ್ಕೆ ಕೈ ಚಾಚಿದವರು ವಿರಳ. ವೃತ್ತಿಯಾಗಿ ಒಂದು ದಿನವೂ ಆಡದ ಈ ಮನುಷ್ಯ ಆಟದ ನಿಯಮ, ವೇಳೆ, ನೋಟ ಮೂರನ್ನೂ ಬದಲಾಯಿಸಿದ. ಆತ ಬೆಳೆಸಿದ ಅಧಿಕಾರ ಯಾರದು ಎಂಬ ಪ್ರಶ್ನೆ ಮಾತ್ರ ಕೊನೆಗೆ ಆತನ ಕೊರಳಿಗೇ ಬಂದಿತು.

ಹೆಸರು ಟೆಕ್ಸಸ್ ಅರ್ನೆಸ್ಟ್ ಶ್ರಾಮ್. ಹುಟ್ಟಿದ್ದು ಮಾತ್ರ ಟೆಕ್ಸಸ್ಸಿನಲ್ಲಲ್ಲ, ಕ್ಯಾಲಿಫೋರ್ನಿಯದ ಸಾನ್ ಗೇಬ್ರಿಯಲ್ ಎಂಬ ಊರಿನಲ್ಲಿ, 1920ನೆಯ ಇಸವಿ ಜೂನ್ 2ರಂದು. ತಂದೆಗೂ ಅದೇ ಹೆಸರಿತ್ತು. ಓದಲು ಟೆಕ್ಸಸ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಪತ್ರಿಕೋದ್ಯಮವನ್ನು ಆರಿಸಿಕೊಂಡ. ನಡುವೆ ಮಹಾಯುದ್ಧ ಬಂದಿತು. ವಾಯುಪಡೆಯ ಸೇವೆ ಮುಗಿಸಿ ಬಂದು 1947ರಲ್ಲಿ ಪದವಿ ಪಡೆದ. ಆಸ್ಟಿನ್ ನಗರದ ಪತ್ರಿಕೆಯಲ್ಲಿ ಕೆಲಕಾಲ ಕ್ರೀಡಾ ವರದಿಗಾರನಾಗಿದ್ದು, ಅದೇ ವರ್ಷ ಲಾಸ್ ಏಂಜಲಿಸ್ ನಗರದ ರ್‍ಯಾಮ್ಸ್ ತಂಡಕ್ಕೆ ಪ್ರಚಾರಾಧಿಕಾರಿಯಾಗಿ ಸೇರಿದ. ಹತ್ತು ವರ್ಷದೊಳಗೆ ಆ ತಂಡದ ಜನರಲ್ ಮೇನೇಜರ್ ಆಗಿದ್ದ. ತಾನು ಬಿಟ್ಟ ಪ್ರಚಾರದ ಕೆಲಸಕ್ಕೆ 1952ರಲ್ಲಿ ಪೀಟ್ ರೊಜೆಲ್ ಎಂಬ ತರುಣನನ್ನು ತಂದ. ಈ ಹೆಸರನ್ನೂ ಗುರುತಿಟ್ಟುಕೊಳ್ಳಿ.

ರ್‍ಯಾಮ್ಸ್ ತಂಡದಲ್ಲಿ ಶ್ರಾಮ್ ಕಲಿತ ಪಾಠಗಳು ಎರಡು. ಆಟಗಾರರನ್ನು ಹುಡುಕುವುದು ಒಂದು ಸ್ವತಂತ್ರ ಕಸುಬು ಎಂಬುದು ಮೊದಲನೆಯದು. ಉಳಿದ ತಂಡಗಳು ಪತ್ರಿಕೆ ಓದಿ, ಗೆಳೆಯರನ್ನು ವಿಚಾರಿಸಿ ಕಾಲೇಜು ಹುಡುಗರನ್ನು ಆರಿಸುತ್ತಿದ್ದಾಗ ರ್‍ಯಾಮ್ಸ್ ತಂಡ ಅದಕ್ಕೆಂದೇ ಊರೂರು ಸುತ್ತುವ ಮನುಷ್ಯನನ್ನು ಸಂಬಳ ಕೊಟ್ಟು ಇಟ್ಟಿತ್ತು. ಕರಿಯ ವಿದ್ಯಾರ್ಥಿಗಳೇ ಓದುತ್ತಿದ್ದ ಗ್ರ್ಯಾಂಬ್ಲಿಂಗ್ ಕಾಲೇಜಿನಿಂದ ಟ್ಯಾಂಕ್ ಯಂಗರ್ ಎಂಬಾತನನ್ನು 1949ರಲ್ಲಿ ಕರೆತಂದದ್ದು ಇದೇ ತಂಡ. ಅಂಥ ಕಾಲೇಜುಗಳಿಂದ ರಾಷ್ಟ್ರೀಯ ಲೀಗಿಗೆ ಬಂದವರಲ್ಲಿ ಆತನೇ ಮೊದಲಿಗ.

ಎರಡನೆಯ ಪಾಠ ಟೆಲಿವಿಷನ್ನಿನದು. ರೇಡಿಯೊ ಬಳಗಕ್ಕೆ ಸೇರಿದ ವಾಚಕರಿಗೆ ಇದು ಹೆಚ್ಚು ರುಚಿಸೀತು. 1950ರಲ್ಲಿ ರ್‍ಯಾಮ್ಸ್ ತಂಡ ತನ್ನ ಸ್ವಂತ ಊರಿನ ಪಂದ್ಯಗಳನ್ನೆಲ್ಲ ಅದೇ ಊರಿನ ಟೆಲಿವಿಷನ್ನಿನಲ್ಲಿ ತೋರಿಸಿತು. ಫಲವೇನೆಂದರೆ ಕ್ರೀಡಾಂಗಣಕ್ಕೆ ಬರುವವರ ಸಂಖ್ಯೆ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಮನೆಯಲ್ಲಿ ಕಾಲು ಚಾಚಿ ಕುಳಿತು ಪುಕ್ಕಟೆಯಾಗಿ ನೋಡಬಹುದಾದರೆ ಬಿಸಿಲಿನಲ್ಲಿ ಟಿಕೀಟಿಗೆ ನಿಲ್ಲುವವರು ಯಾರು? ಪ್ರಸಾರದ ಖರ್ಚು ವಹಿಸಿದ್ದ ಟೆಲಿವಿಷನ್ ತಯಾರಕರು ಒಪ್ಪಂದದಂತೆ ನಷ್ಟ ತುಂಬಿಕೊಟ್ಟರು. ಮರುವರ್ಷ ಸ್ವಂತ ಊರಿನ ಪ್ರಸಾರ ನಿಂತಿತು. ಜನ ತಿರುಗಿ ಬಂದರು. ಅದೇ 1951ರಲ್ಲಿ ತಂಡ ಲೀಗಿನ ಚಾಂಪಿಯನ್ ಕೂಡ ಆಯಿತು. ಟೆಲಿವಿಷನ್ ಎಂಬುದು ಬಾಗಿಲಿಗೆ ಬಂದ ಹೊಳೆ. ಕಾಲುವೆ ತೆಗೆದರೆ ಗದ್ದೆ, ತೆಗೆಯದಿದ್ದರೆ ಮನೆಯೇ ತೇಲಿಹೋಗುತ್ತದೆ. ಇದನ್ನು ಬೇರೆ ಮೇನೇಜರುಗಳಿಗಿಂತ ಹತ್ತು ವರ್ಷ ಮುಂಚಿತವಾಗಿ ಶ್ರಾಮ್ ಕಂಡುಕೊಂಡ.

ಕಂಡುಕೊಂಡವನು ಸುಮ್ಮನೆ ಕೂರಲಿಲ್ಲ. 1957ರಲ್ಲಿ ತಂಡವನ್ನು ಬಿಟ್ಟು ನ್ಯೂಯಾರ್ಕಿಗೆ ಹೋಗಿ ಸಿ.ಬಿ.ಎಸ್. ಪ್ರಸಾರ ಸಂಸ್ಥೆಯ ಕ್ರೀಡಾವಿಭಾಗದಲ್ಲಿ ಕೆಲಸ ಹಿಡಿದ. 1960ರ ಚಳಿಗಾಲದ ಒಲಿಂಪಿಕ್ಸ್ ಕ್ಯಾಲಿಫೋರ್ನಿಯದಲ್ಲಿ, ಆಗ ಸ್ಕ್ವಾ ವ್ಯಾಲಿ ಎನ್ನುತ್ತಿದ್ದ ಹಿಮದ ಕಣಿವೆಯಲ್ಲಿ ನಡೆಯಲಿತ್ತು. ಪ್ರಸಾರದ ಹಕ್ಕಿಗೆ ಸಿ.ಬಿ.ಎಸ್. ಕೊಟ್ಟದ್ದು 50,000 ಡಾಲರು. ಈಗಿನ ಕಾಲದ ಲೆಕ್ಕದಲ್ಲಿ ಅದು ಕಡಲೆಕಾಯಿಯ ದುಡ್ಡು. ಅಂದು ಅದೂ ಹೆಚ್ಚೆನ್ನುವವರಿದ್ದರು. ಆ ಪ್ರಸಾರದ ಏರ್ಪಾಟಿನ ಹಿಂದೆ ಶ್ರಾಮನ ಕೈಯಿತ್ತು. ಅಲ್ಲಿ ನಡೆದ ಎರಡು ಸಂಗತಿಗಳು ಆತನ ಮುಂದಿನ ದಾರಿಗೆ ಬೆಳಕಾದವು. ಹಿಮದ ಮೇಲೆ ಜಾರುವ ಒಂದು ಸ್ಪರ್ಧೆಯಲ್ಲಿ ಸ್ಪರ್ಧಿಯೊಬ್ಬ ನಡುವಿನ ಕಂಬವನ್ನು ತಪ್ಪಿಸಿದನೋ ಇಲ್ಲವೋ ಎಂಬ ಸಂದೇಹ ಬಂದಾಗ, ತೀರ್ಪುಗಾರರು ಸಿ.ಬಿ.ಎಸ್. ಬಳಿಗೆ ಬಂದು ನಿಮ್ಮ ಟೇಪನ್ನು ಒಮ್ಮೆ ತೋರಿಸಿ ಎಂದು ಕೇಳಿದರು. ಮನುಷ್ಯನ ಕಣ್ಣು ತಪ್ಪಿದ್ದನ್ನು ಯಂತ್ರದ ಕಣ್ಣು ಹಿಡಿದಿಟ್ಟೀತು ಎಂಬ ಭಾವನೆ ಕ್ರೀಡೆಗೆ ಹೊಕ್ಕ ಗಳಿಗೆಗಳಲ್ಲಿ ಇದೊಂದು. ಇನ್ನೊಂದು, ಫಲಿತಾಂಶದ ಲೆಕ್ಕಗಳನ್ನು ಕ್ಷಣಾರ್ಧದಲ್ಲಿ ಹಾಕುತ್ತಿದ್ದ ಐ.ಬಿ.ಎಂ. ಕಂಪನಿಯ ಗಣಕಯಂತ್ರ.

ಆದರೆ ಈ ಒಲಿಂಪಿಕ್ಸ್ ಆರಂಭವಾಗುವ ಹೊತ್ತಿಗೇ ಶ್ರಾಮ್ ಬೇರೊಬ್ಬ ಧಣಿಗೆ ಮಾತು ಕೊಟ್ಟಿದ್ದ. ಟೆಕ್ಸಸ್ಸಿನ ಎಣ್ಣೆ ಶ್ರೀಮಂತರ ಮನೆತನದ ಕ್ಲಿಂಟ್ ಮರ್ಚಿಸನ್ ಡಲ್ಲಾಸ್ ನಗರಕ್ಕೊಂದು ತಂಡ ಬೇಕೆಂದು ಹಟ ಹಿಡಿದಿದ್ದ. 1960ರ ಜನವರಿ 28ರಂದು ರಾಷ್ಟ್ರೀಯ ಲೀಗ್ ಅನುಮತಿ ಕೊಟ್ಟಿತು. ಬೆಲೆ 6 ಲಕ್ಷ ಡಾಲರು. ಅದರಲ್ಲಿ ಲೀಗಿನ ಪ್ರವೇಶಕ್ಕೆ 50,000. ಉಳಿದ ಐದೂವರೆ ಲಕ್ಷ ಇತರ ತಂಡಗಳು ಬಿಟ್ಟುಕೊಟ್ಟ 36 ಮಂದಿ ಆಟಗಾರರಿಗೆ. ಯಾವ ಮನೆಯವರೂ ತಮ್ಮ ಒಳ್ಳೆಯ ಎತ್ತನ್ನು ಸಂತೆಗೆ ಬಿಡುವುದಿಲ್ಲವಷ್ಟೆ; ಬಂದವರೂ ಹಾಗೆಯೇ ಇದ್ದರು. ಇದೇ ಜನವರಿಯಲ್ಲಿ, ಎರಡು ದಿನ ಮುಂಚೆ, ಲೀಗಿನ ಅಧ್ಯಕ್ಷಪದವಿಗೆ ದಿನಗಟ್ಟಲೆ ಮತದಾನ ನಡೆದು ಯಾರಿಗೂ ಬಹುಮತ ಸಿಗದೆ, ಕೊನೆಗೆ 33 ವರ್ಷದ ಒಬ್ಬಾತನ ಮೇಲೆ ಒಪ್ಪಿಗೆಯಾಗಿತ್ತು. ಆತ ಪೀಟ್ ರೊಜೆಲ್. ಶ್ರಾಮನ ಹಳೆಯ ಸಹಾಯಕ ಈಗ ಲೀಗಿಗೇ ಒಡೆಯ. ಇಬ್ಬರ ಸ್ನೇಹ ಮುಂದಿನ 29 ವರ್ಷ ಕೆಡಲಿಲ್ಲ.

ತಂಡಕ್ಕೆ ಕೌಬಾಯ್ಸ್ ಎಂದು ಹೆಸರಾಯಿತು. ಶ್ರಾಮ್ ಆರಿಸಿಕೊಂಡ ಶಿಕ್ಷಕ ಟಾಮ್ ಲ್ಯಾಂಡ್ರಿ. ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವನು, ಮುಖದ ಗೆರೆ ಅಲುಗದ ಗಂಭೀರ ಮನುಷ್ಯ. ಆಟಗಾರರನ್ನು ಹುಡುಕಲು ಗಿಲ್ ಬ್ರಾಂಟ್. ಈತ ಅದುವರೆಗೆ ಮಿಲ್ವಾಕಿ ನಗರದಲ್ಲಿ ಎಳೆಮಕ್ಕಳ ಭಾವಚಿತ್ರ ತೆಗೆಯುವ ವೃತ್ತಿಯಲ್ಲಿದ್ದು, ಬಿಡುವಿನಲ್ಲಿ ಆಟಗಾರರ ಪಟ್ಟಿ ಬರೆಯುತ್ತಿದ್ದವನು. ಮರ್ಚಿಸನ್ ಹಣ ಕೊಟ್ಟು ಹಿಂದಕ್ಕೆ ಸರಿದ. ಲೀಗಿನ ಧಣಿಗಳ ಸಭೆಯಲ್ಲಿ ಡಲ್ಲಾಸಿನ ಪರವಾಗಿ ಕುಳಿತು ಮತ ಹಾಕುತ್ತಿದ್ದವನು ಶ್ರಾಮ್. ಉಳಿದವರೆಲ್ಲ ತಂಡಗಳ ಒಡೆಯರು, ಇವನೊಬ್ಬ ಸಂಬಳದವನು. ಆದರೂ ಆ ಮೇಜಿನ ಸುತ್ತ ಇವನ ಧ್ವನಿಯೇ ಜೋರು.

ಮೊದಲ ವರ್ಷ 12 ಪಂದ್ಯಗಳಲ್ಲಿ 11 ಸೋಲು, ಒಂದು ಸಮ. ಅದೇ ಊರಿನಲ್ಲಿ, ಅದೇ ಕಾಟನ್ ಬೌಲ್ ಕ್ರೀಡಾಂಗಣದಲ್ಲಿ, ಪ್ರತಿಸ್ಪರ್ಧಿ ಲೀಗಿನ ಇನ್ನೊಂದು ತಂಡವೂ ಆಡುತ್ತಿತ್ತು. ಅದರ ಧಣಿ ಲಮಾರ್ ಹಂಟ್. ಎರಡಕ್ಕೂ ಪ್ರೇಕ್ಷಕರು ಸಾಲದೆ ಕೊನೆಗೆ 1963ರಲ್ಲಿ ಹಂಟನೇ ಗಂಟುಮೂಟೆ ಕಟ್ಟಿ ಕಾನ್ಸಾಸ್ ಸಿಟಿಗೆ ಹೋದ. ಅದೂ ತನ್ನ ಲೀಗಿನ ಚಾಂಪಿಯನ್ ಆದಮೇಲೆ! ಸೋಲುತ್ತಿದ್ದವರು ಉಳಿದರು, ಗೆದ್ದವರು ಊರು ಬಿಟ್ಟರು. ಅದೇ ವರ್ಷದ ನವೆಂಬರ್ 22ರಂದು ಡಲ್ಲಾಸಿನ ಬೀದಿಯಲ್ಲಿ ಅಧ್ಯಕ್ಷ ಕೆನೆಡಿಯ ಕೊಲೆಯಾಯಿತು. ಎರಡು ದಿನಗಳ ಮೇಲೆ ತಂಡ ಕ್ಲೀವ್‌ಲೆಂಡಿನಲ್ಲಿ ಆಡಬೇಕಾಗಿ ಬಂದಾಗ ಅಲ್ಲಿಯ ಧ್ವನಿವರ್ಧಕದಲ್ಲಿ ಡಲ್ಲಾಸ್ ಎಂಬ ಶಬ್ದವನ್ನೇ ಉಚ್ಚರಿಸಲಿಲ್ಲ. ಬರಿಯ ಕೌಬಾಯ್ಸ್ ಎಂದರು. ಊರಿನ ಹೆಸರು ಬಾಯಿಗೆ ತರಲಾಗದ ಹೆಸರಾಗಿತ್ತು. ಮರುವರ್ಷದ ಆರಂಭದಲ್ಲಿ, ಇನ್ನೂ ಒಂದು ವರ್ಷವಾದರೂ ಸೋಲಿಗಿಂತ ಗೆಲುವು ಹೆಚ್ಚು ಕಾಣದಿದ್ದ ಲ್ಯಾಂಡ್ರಿಯನ್ನು ಓಡಿಸಿ ಎಂದು ಜನ ಕೂಗುತ್ತಿದ್ದಾಗ, ಮರ್ಚಿಸನ್ನೂ ಶ್ರಾಮನೂ ಆತನಿಗೆ ಹತ್ತು ವರ್ಷದ ಹೊಸ ಕರಾರು ಬರೆದುಕೊಟ್ಟರು. ಈ ಒಂದು ತೀರ್ಮಾನ ಶ್ರಾಮನ ಬಾಳಿನ ಅತ್ಯುತ್ತಮ ಕೆಲಸವೆಂದು ನನ್ನ ಅಭಿಪ್ರಾಯ. ಯಂತ್ರವಿಲ್ಲದೆ, ಜಾಹೀರಾತಿಲ್ಲದೆ, ಮನುಷ್ಯನ ಮೇಲಿನ ನಂಬಿಕೆಯಿಂದಲೇ ಆದದ್ದು.

ಯಂತ್ರದ ಕಥೆಗೆ ಬರೋಣ. ಅದರಲ್ಲಿ ನಮ್ಮ ದೇಶದವನೊಬ್ಬನ ಪಾತ್ರವಿದೆ. ಅಮೆರಿಕದ ವೃತ್ತಿತಂಡಗಳು ಕಾಲೇಜು ಆಟಗಾರರನ್ನು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಗೆ ನಿಂತವರಿಗೆ ಮೊದಲ ಸರದಿ. ಆರಿಸಬೇಕಾದರೆ ನೂರಾರು ಕಾಲೇಜುಗಳ ಸಾವಿರಾರು ಹುಡುಗರ ವಿಷಯ ತಿಳಿದಿರಬೇಕು. ತಿಳಿಸುವವರು ಶೋಧಕರು. ಒಬ್ಬ ಶೋಧಕ ಒಳ್ಳೆಯವನು ಎಂದು ಬರೆದರೆ ಇನ್ನೊಬ್ಬನ ಭಾಷೆಯಲ್ಲಿ ಅದು ಸಾಧಾರಣ. ಧಾರಾಳಿಯ ಹತ್ತೂ ಜಿಪುಣನ ಆರೂ ಒಂದೇ ತೂಕವಿರಬಹುದು. ಈ ತೊಡಕನ್ನು ಬಿಡಿಸಲು ಶ್ರಾಮ್ ಹಿಮದ ಕಣಿವೆಯ ಗಣಕಯಂತ್ರವನ್ನು ನೆನೆದು 1962ರ ಸುಮಾರಿಗೆ ಐ.ಬಿ.ಎಂ. ಕಂಪನಿಯನ್ನು ಕೇಳಿದ. ಅವರು ಒಪ್ಪಿಸಿದ್ದು ಸಲಾಂ ಖುರೇಶಿ ಎಂಬ ಸಂಖ್ಯಾಶಾಸ್ತ್ರಜ್ಞನಿಗೆ. ಆತ ಅಲೀಗಢ ವಿಶ್ವವಿದ್ಯಾನಿಲಯದಲ್ಲಿ ಓದಿದ ಭಾರತೀಯ. ಅಮೆರಿಕದ ಫುಟ್‌ಬಾಲಿನ ಗಂಧವೂ ಇಲ್ಲದವನು.

ಗಂಧವಿಲ್ಲದಿದ್ದುದೇ ಒಳ್ಳೆಯದಾಯಿತು. ಆಟ ಬಲ್ಲವರು ಬಲ್ಲೆವೆಂದು ಬಿಟ್ಟುಬಿಡುತ್ತಿದ್ದುದನ್ನು ಖುರೇಶಿ ಬಿಡದೆ ಕೇಳಿದ. ಒಳ್ಳೆಯ ಆಟಗಾರ ಎಂದರೆ ಏನು? ವೇಗ ಎಂದರೆ ಏನು, ಚುರುಕು ಬೇರೆಯೋ, ಅಳೆಯುವುದು ಹೇಗೆ? ಶಿಕ್ಷಕರು ಹೇಳಿದ ನೂರಾರು ಗುಣಗಳನ್ನು ಸೋಸಿ ಸೋಸಿ, ಎತ್ತರ ತೂಕ ಓಟಗಳಂತೆ ನೇರವಾಗಿ ಅಳೆಯಲಾಗದವುಗಳಲ್ಲಿ ಐದನ್ನು ಉಳಿಸಿಕೊಂಡರು. ಶೀಲ, ಚುರುಕು ಮತ್ತು ಮೈಯ ಹಿಡಿತ, ಸ್ಪರ್ಧೆಯ ಛಲ, ಬುದ್ಧಿಯ ಎಚ್ಚರ, ಬಲ ಮತ್ತು ಅದು ಒಮ್ಮೆಗೇ ಸಿಡಿಯುವ ಶಕ್ತಿ. ಪ್ರತಿ ಶೋಧಕನೂ ಗೊತ್ತಾದ ವಾಕ್ಯಗಳಿಗೆ 1ರಿಂದ 9ರವರೆಗೆ ಅಂಕ ಕೊಡಬೇಕು. ಯಾವ ಶೋಧಕನ ಕೈ ಉದಾರ, ಯಾರದು ಬಿಗಿ ಎಂಬುದನ್ನೂ ಯಂತ್ರ ಲೆಕ್ಕ ಹಾಕಿ ಸರಿದೂಗಿಸುತ್ತಿತ್ತು. ಖರ್ಚು ಹೆಚ್ಚಾದುದರಿಂದ ಲಾಸ್ ಏಂಜಲಿಸ್ ಮತ್ತು ಸಾನ್ ಫ್ರಾನ್ಸಿಸ್ಕೊ ತಂಡಗಳನ್ನೂ ಪಾಲುದಾರರನ್ನಾಗಿ ಮಾಡಿಕೊಂಡರು. ಮೈದಾನದಲ್ಲಿ ವೈರಿಗಳು, ಲೆಕ್ಕದ ಕೊಠಡಿಯಲ್ಲಿ ಭಾಗಸ್ಥರು! ಖುರೇಶಿ ಮುಂದೆ ಕ್ಯಾಲಿಫೋರ್ನಿಯದಲ್ಲಿ ಗಣಕಯಂತ್ರದ ಸ್ವಂತ ಕಂಪನಿಗಳನ್ನು ಸ್ಥಾಪಿಸಿದ. ಇಂದು ಯಾವ ಕ್ರೀಡೆಯಲ್ಲೇ ಆಗಲಿ ಅಂಕಿಸಂಖ್ಯೆಯ ಪಂಡಿತರಿಲ್ಲದ ತಂಡವಿಲ್ಲ. ಅವರ ಮೂಲಪುರುಷರ ಪಟ್ಟಿಯಲ್ಲಿ ಅಲೀಗಢದ ಈ ಮನುಷ್ಯನಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಯಂತ್ರವೇ ಎಲ್ಲವನ್ನೂ ಮಾಡಿತೆಂದು ಭಾವಿಸುವುದು ಬೇಡ. ಈ ತಂಡದ ಅತ್ಯಂತ ಫಲವತ್ತಾದ ಆಯ್ಕೆ 1964ನೆಯ ಸಾಲಿನದು. ಆಗ ಯಂತ್ರದ ಏರ್ಪಾಟು ಇನ್ನೂ ಪೂರ್ತಿಯಾಗಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಮೆಲ್ ರೆನ್‌ಫ್ರೊ. ಏಳನೆಯ ಸುತ್ತಿನಲ್ಲಿ ಬಾಬ್ ಹೇಸ್ ಎಂಬ ಓಟಗಾರ, ಆ ವರ್ಷವೇ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಚಿನ್ನದ ಪದಕ ಗೆದ್ದವನು. ಹತ್ತನೆಯ ಸುತ್ತಿನಲ್ಲಿ ನೌಕಾಪಡೆಯ ಅಕಾಡೆಮಿಯ ರೋಜರ್ ಸ್ಟಾಬಾಕ್. ನೌಕಾಸೇವೆ ಮುಗಿಯುವವರೆಗೆ ಸ್ಟಾಬಾಕ್ ಆಡುವಂತಿರಲಿಲ್ಲ. ವಿಯೆಟ್ನಾಮಿನಲ್ಲೂ ಒಂದು ವರ್ಷ ಕಳೆದು 1969ರಲ್ಲಿ ಬಂದ. ಅಷ್ಟು ಕಾಲ ಕಾಯುವ ತಾಳ್ಮೆ ಬೇರೆ ತಂಡಗಳಿಗಿರಲಿಲ್ಲ. ಕಾಲೇಜಿನಲ್ಲಿ ಫುಟ್‌ಬಾಲನ್ನೇ ಆಡದ ಬಾಸ್ಕೆಟ್‌ಬಾಲ್ ಆಟಗಾರನನ್ನು ತಂದು ರಕ್ಷಕನನ್ನಾಗಿ ಮಾಡಿದರು. ಆಸ್ಟ್ರಿಯ ದೇಶದಿಂದ ಕಾಲ್ಚೆಂಡಿನವನೊಬ್ಬನನ್ನು ಕರೆಸಿ ಒದೆಯುವ ಕೆಲಸಕ್ಕೆ ನಿಲ್ಲಿಸಿದರು. 1966ರಿಂದ 1985ರವರೆಗೆ ಸತತವಾಗಿ 20 ವರ್ಷ ಈ ತಂಡಕ್ಕೆ ಸೋಲಿಗಿಂತ ಗೆಲುವು ಹೆಚ್ಚು. 1972ರ ಮತ್ತು 1978ರ ಜನವರಿಗಳಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನೂ ಗೆದ್ದರು.

ಸೂಪರ್ ಬೌಲ್ ಎಂಬುದು ಹುಟ್ಟಿದ್ದೂ ಶ್ರಾಮನ ಕಾರಿನಲ್ಲಿ ಎನ್ನಬಹುದು. ಎರಡು ಲೀಗುಗಳ ಪೈಪೋಟಿಯಲ್ಲಿ ಆಟಗಾರರ ಬೆಲೆ ಏರುತ್ತಿತ್ತು. 1965ರಲ್ಲಿ ಜೋ ನೇಮತ್ ಎಂಬ ಹುಡುಗನಿಗೆ ನ್ಯೂಯಾರ್ಕಿನ ತಂಡ 4,27,000 ಡಾಲರಿನ ಕರಾರು ಕೊಟ್ಟಾಗ ಧಣಿಗಳಿಗೆ ನಿದ್ರೆ ಹಾರಿಹೋಯಿತು. 1966ರ ಏಪ್ರಿಲ್ 6ರಂದು ಲಮಾರ್ ಹಂಟ್ ಹ್ಯೂಸ್ಟನ್ನಿಗೆ ಹೋಗುವ ದಾರಿಯಲ್ಲಿ ಡಲ್ಲಾಸಿನ ವಿಮಾನನಿಲ್ದಾಣದಲ್ಲಿ ಇಳಿದ. ಆಗ ಅಲ್ಲಿದ್ದ ಟೆಕ್ಸಸ್ ರೇಂಜರ್ ಪ್ರತಿಮೆಯ ಕೆಳಗೆ ಶ್ರಾಮ್ ಕಾದಿದ್ದ. ಇಬ್ಬರೂ ಯಾರ ಕಣ್ಣಿಗೂ ಬೀಳದಂತೆ ಹೊರಗೆ ನಿಂತಿದ್ದ ಕಾರಿನಲ್ಲಿ ಕುಳಿತು ಮಾತನಾಡಿದರು. ಮೂರು ವರ್ಷದ ಹಿಂದೆ ಒಂದೇ ಊರಿನ ಪ್ರೇಕ್ಷಕರಿಗಾಗಿ ಹೋರಾಡಿದವರು ಇವರೇ. ಎರಡು ತಿಂಗಳ ಗುಟ್ಟಿನ ಮಾತುಕತೆಯ ಮೇಲೆ, ಜೂನ್ 8ರಂದು ಎರಡು ಲೀಗುಗಳ ವಿಲೀನ ಪ್ರಕಟವಾಯಿತು. ಹೊಸ ಲೀಗು ಹಳೆಯದಕ್ಕೆ 20 ವರ್ಷಗಳಲ್ಲಿ 1 ಕೋಟಿ 80 ಲಕ್ಷ ಡಾಲರು ಕೊಡಬೇಕು. ಎರಡರ ಚಾಂಪಿಯನ್ನರೂ ವರ್ಷಕ್ಕೊಮ್ಮೆ ಸೆಣಸಬೇಕು. ಕಾಲೇಜು ಹುಡುಗರ ಆಯ್ಕೆ ಇನ್ನು ಮುಂದೆ ಒಂದೇ. ಈ ಕೊನೆಯ ಕರಾರಿನ ಅರ್ಥವನ್ನು ಆಟಗಾರರು ಬೇಗನೆ ತಿಳಿದರು. ಕೊಳ್ಳುವವರು ಇಬ್ಬರಿದ್ದಾಗ ಬೆಲೆ. ಒಬ್ಬನೇ ಆದಾಗ ಕೊಟ್ಟಷ್ಟು.

ಅದೇ ವರ್ಷ ಶ್ರಾಮ್ ನಿಯಮಗಳನ್ನು ತಿದ್ದುವ ಲೀಗಿನ ಸಮಿತಿಯ ಅಧ್ಯಕ್ಷನಾದ. 1988ರವರೆಗೂ ಆ ಪೀಠ ಬಿಡಲಿಲ್ಲ. ಆತನ ತಿದ್ದುಪಡಿಗಳಲ್ಲಿ ಹಲವನ್ನು ನೋಡಿದರೆ ಮನೆಯಲ್ಲಿ ಕುಳಿತ ಪ್ರೇಕ್ಷಕನ ಕಣ್ಣು ಕಿವಿಗಳು ಅಲ್ಲಿ ಕಾಣುತ್ತವೆ. ತೀರ್ಪುಗಾರ ಕೈಸನ್ನೆ ಮಾಡಿದ್ದು ಏಕೆಂದು ಕೇಳುಗನಿಗೆ ತಿಳಿಯಬೇಕು. ಆದ್ದರಿಂದ 1975ರಿಂದ ಆತನ ಎದೆಗೊಂದು ಮೈಕ್ರೊಫೋನು. ಅಂಚಿನ ಗೆರೆ ಕೆಮರಾಕ್ಕೆ ಎದ್ದು ಕಾಣಬೇಕು. ಅದಕ್ಕೊಂದು ಅಗಲವಾದ ಬಿಳಿಯ ಪಟ್ಟಿ. ಗಾಳಿಯ ದಿಕ್ಕು ಗೊತ್ತಾಗಬೇಕು. ಗೋಲಿನ ಕಂಬದ ತುದಿಗೆ ರಿಬ್ಬನ್ನು. ಚೆಂಡನ್ನು ದೂರಕ್ಕೆ ಎಸೆಯುವ ಆಟ ಕಣ್ಣಿಗೆ ಹಬ್ಬ; 1978ರಲ್ಲಿ ಎಸೆಯುವವರಿಗೆ ಅನುಕೂಲವಾಗಿ ನಿಯಮಗಳು ಸಡಿಲವಾದವು. 1986ರಲ್ಲಿ ಚಿತ್ರವನ್ನು ಮರಳಿ ನೋಡಿ ತೀರ್ಪು ತಿದ್ದುವ ಪದ್ಧತಿ ಬಂದಿತು. ಹಿಮದ ಕಣಿವೆಯಲ್ಲಿ ತೀರ್ಪುಗಾರರು ಟೇಪು ಕೇಳಿ ಬಂದು ಆಗ 26 ವರ್ಷವಾಗಿತ್ತು. ನವೆಂಬರ್ ತಿಂಗಳ ಕೃತಜ್ಞತಾ ಹಬ್ಬದ ದಿನ ಬೇರೆ ತಂಡಗಳು ಮನೆಮಂದಿಯನ್ನು ಬಿಟ್ಟು ಆಡಲು ಹಿಂಜರಿದಾಗ ಶ್ರಾಮ್ 1966ರಲ್ಲಿ ಮುಂದೆ ಬಂದು ಆ ದಿನವನ್ನು ಹಿಡಿದುಕೊಂಡ. ದೇಶವೆಲ್ಲ ಊಟ ಮಾಡಿ ಟೆಲಿವಿಷನ್ ಮುಂದೆ ಕೂರುವ ದಿನ ಅದು! ಆಟದ ನಡುವಿನ ಆ ಅರ್ಧ ನಿಮಿಷದ ಬಿಡುವು ಜಾಹೀರಾತಿಗೂ ಮರುಚಿತ್ರಕ್ಕೂ ಹೇಳಿಮಾಡಿಸಿದಂತಿತ್ತು. 1962ರಲ್ಲಿ ಇಡೀ ಲೀಗಿಗೆ ವರ್ಷಕ್ಕೆ 46 ಲಕ್ಷ 50 ಸಾವಿರ ಡಾಲರು ಕೊಡುತ್ತಿದ್ದ ಸಿ.ಬಿ.ಎಸ್. ಎರಡೇ ವರ್ಷದಲ್ಲಿ 1 ಕೋಟಿ 41 ಲಕ್ಷಕ್ಕೆ ಏರಿತು.

1971ರಲ್ಲಿ ತಂಡ ಕಾಟನ್ ಬೌಲನ್ನು ಬಿಟ್ಟು ಪಕ್ಕದ ಅರ್ವಿಂಗ್ ಪಟ್ಟಣದ ಹೊಸ ಟೆಕ್ಸಸ್ ಸ್ಟೇಡಿಯಮ್ಮಿಗೆ ಹೋಯಿತು. ಶ್ರೀಮಂತರಿಗೆ ಅಲ್ಲಿ ಮನೆಯಂತೆ ಸಜ್ಜಾದ ಕೊಠಡಿಗಳು. ವರ್ಷದ ಟಿಕೀಟು ಬೇಕಾದವರು ಕಟ್ಟಡದ ಸಾಲಪತ್ರವನ್ನೂ ಕೊಳ್ಳಬೇಕು. ಹಳೆಯ ಕಾಟನ್ ಬೌಲಿನ ಅಗ್ಗದ ಬೆಂಚುಗಳಲ್ಲಿ ಸೋಲಿನ ವರ್ಷಗಳಲ್ಲೂ ಕುಳಿತು ಕೂಗಿದವರಲ್ಲಿ ಎಷ್ಟೋ ಮಂದಿಗೆ ಇದು ಎಟುಕಲಿಲ್ಲ. ಅವರು ಮನೆಯಲ್ಲಿ ಟೆಲಿವಿಷನ್ ಹಾಕಿಕೊಂಡರು. 1972ರಲ್ಲಿ ಶಾಲಾಬಾಲಕಿಯರ ಕೂಗುಪಡೆಯ ಬದಲು ತರಬೇತಿ ಪಡೆದ ನರ್ತಕಿಯರು ಬಂದರು. ನನಗೆ ಅದರಲ್ಲಿ ಆಟಕ್ಕೆ ಸಂಬಂಧಿಸಿದ್ದೇನೂ ಕಾಣುವುದಿಲ್ಲ. ಶ್ರಾಮನಿಗೂ ಕಂಡಿರಲಾರದು, ಕೆಮರಾಕ್ಕೆ ಕಂಡಿತು, ಅಷ್ಟೆ. 1978ರ ಪಂದ್ಯಗಳ ಚಿತ್ರಕ್ಕೆ ಲೀಗಿನ ಚಲನಚಿತ್ರ ವಿಭಾಗದವರು ‘ಅಮೆರಿಕದ ತಂಡ’ ಎಂಬ ಬಿರುದನ್ನು ಇಟ್ಟರು. ಲ್ಯಾಂಡ್ರಿಗೆ ಇಷ್ಟವಾಗಲಿಲ್ಲ; ಶ್ರಾಮ್ ಬಿರುದನ್ನು ಬಿಡಲಿಲ್ಲ. ಹದಿನೈದು ವರ್ಷದ ಹಿಂದೆ ಧ್ವನಿವರ್ಧಕದಲ್ಲಿ ಹೇಳಲಾರದ ಊರಿನ ತಂಡ ಇದು.

ಇನ್ನು ಆಟಗಾರರ ಕಡೆಯಿಂದ ಒಮ್ಮೆ ನೋಡಬೇಡವೆ? ಡಲ್ಲಾಸಿನಲ್ಲಿ ಆಗ ವರ್ಣಭೇದ ಬಲವಾಗಿತ್ತು. ಭಾನುವಾರ ಜನ ಎದ್ದುನಿಂತು ಚಪ್ಪಾಳೆ ತಟ್ಟಿದ ಕರಿಯ ಆಟಗಾರನಿಗೆ ಸೋಮವಾರ ಒಳ್ಳೆಯ ಬೀದಿಯಲ್ಲಿ ಮನೆ ಬಾಡಿಗೆಗೆ ಸಿಗುತ್ತಿರಲಿಲ್ಲ. ಮೆಲ್ ರೆನ್‌ಫ್ರೊ 1969ರಲ್ಲಿ ಮನೆ ನಿರಾಕರಿಸಿದವರ ಮೇಲೆ ನ್ಯಾಯಾಲಯಕ್ಕೆ ಹೋಗಿ ಗೆದ್ದ. ಆತ ಸ್ವಂತ ಧೈರ್ಯದ ಮೇಲೆ ಹೋದವನು. 1971ರಲ್ಲಿ ಡುವೇನ್ ಥಾಮಸ್ ಎಂಬ ಕರಿಯ ಆಟಗಾರ ಸಂಬಳ ಹೆಚ್ಚಿಸಬೇಕೆಂದು ಕೇಳಿ, ಇಲ್ಲವೆನಿಸಿಕೊಂಡು, ಪತ್ರಿಕಾಗೋಷ್ಠಿ ಕರೆದು ಲ್ಯಾಂಡ್ರಿಯನ್ನು ಪ್ಲಾಸ್ಟಿಕ್ ಮನುಷ್ಯನೆಂದೂ, ಶ್ರಾಮನನ್ನು ರೋಗಿ, ಹುಚ್ಚ, ಶುದ್ಧ ಅಪ್ರಾಮಾಣಿಕನೆಂದೂ ಜರೆದ. ಪರವಾಗಿಲ್ಲ, ಮೂರರಲ್ಲಿ ಎರಡು ಸರಿಯಾಗಿ ಹೇಳಿದ್ದಾನೆ ಎಂದು ಶ್ರಾಮ್ ನಕ್ಕ. ಮಾತು ಚೆನ್ನಾಗಿದೆ, ದೇಶವೆಲ್ಲ ನಕ್ಕಿತು. ಸಂಬಳ ಮಾತ್ರ ಏರಲಿಲ್ಲ. ಥಾಮಸ್ ಆ ವರ್ಷವೆಲ್ಲ ಯಾರೊಡನೆಯೂ ಮಾತನಾಡದೆ ಮೌನವ್ರತ ಹಿಡಿದು ಆಡಿದ. ತಂಡ ಮೊದಲ ಸೂಪರ್ ಬೌಲ್ ಗೆದ್ದದ್ದು ಬಹುಮಟ್ಟಿಗೆ ಆತನ ಓಟದಿಂದ. ಮುಂದಿನ ಪಂದ್ಯಕಾಲಕ್ಕೆ ಮುಂಚೆಯೇ ಆತನನ್ನು ಬೇರೆ ತಂಡಕ್ಕೆ ಕಳಿಸಿದರು.

1987ರಲ್ಲಿ ಆಟಗಾರರ ಸಂಘ ಮುಷ್ಕರ ಹೂಡಿತು. ಬೇಡಿಕೆ ಸರಳ: ಕರಾರು ಮುಗಿದಮೇಲೆ ಇಷ್ಟಬಂದ ತಂಡಕ್ಕೆ ಹೋಗುವ ಸ್ವಾತಂತ್ರ್ಯ. ಧಣಿಗಳು ಹೊರಗಿನಿಂದ ಬದಲಿ ಆಟಗಾರರನ್ನು ತಂದು ಪಂದ್ಯ ನಡೆಸಿದರು. ಇದರಲ್ಲಿ ಬಲು ಗಟ್ಟಿಯಾಗಿ ನಿಂತವರಲ್ಲಿ ಶ್ರಾಮ್ ಒಬ್ಬ. ಮಾತುಕತೆಯ ವೇಳೆ ಆತ, ನೀವು ದನಗಳು, ನಾವು ಸಾಕುವವರು, ದನ ಎಷ್ಟು ಬೇಕಾದರೂ ಸಿಗುತ್ತವೆ ಎಂಬರ್ಥದ ಮಾತನ್ನಾಡಿದನೆಂದು ಸಂಘದ ಮುಖಂಡ ಜೀನ್ ಅಪ್‌ಷಾ ಹೇಳಿದ. ಹೊರಗಿದ್ದರೆ ಮುಂದೆ ಬರಬೇಕಾದ ಹಣಕ್ಕೆ ಕುತ್ತು ಬರುತ್ತದೆಂಬ ಎಚ್ಚರಿಕೆ ಸಿಕ್ಕಿದಮೇಲೆ ಡಲ್ಲಾಸಿನ ಹಲವು ಹೆಸರಾಂತ ಆಟಗಾರರು ಮುಷ್ಕರ ಮುರಿದು ಒಳಗೆ ಬಂದರು. 24 ದಿನಗಳಲ್ಲಿ ಮುಷ್ಕರ ಬಿದ್ದುಹೋಯಿತು. ಆದರೆ ಅಕ್ಟೋಬರ್ 19ರ ರಾತ್ರಿ, ಬದಲಿಯವರ ಕೊನೆಯ ಪಂದ್ಯಗಳಲ್ಲಿ ಒಂದು ವಿಚಿತ್ರ ನಡೆಯಿತು. ಡಲ್ಲಾಸ್ ಪರವಾಗಿ ಒಳಗೆ ಬಂದ ತಾರೆಗಳು. ಎದುರಿಗೆ ವಾಷಿಂಗ್‌ಟನ್ ತಂಡ, ಅದರ ಸಂಘದವರಲ್ಲಿ ಒಬ್ಬನೂ ಮುಷ್ಕರ ಮುರಿಯದೆ ಇದ್ದುದರಿಂದ ಎಲ್ಲರೂ ಹೆಸರಿಲ್ಲದ ಬದಲಿಗಳು. ಗೆದ್ದದ್ದು ಹೆಸರಿಲ್ಲದವರು, 13-7ರಿಂದ, ಶ್ರಾಮನ ಸ್ವಂತ ಕ್ರೀಡಾಂಗಣದಲ್ಲಿ. ಆಟಗಾರರು ಬೇಡಿದ ಸ್ವಾತಂತ್ರ್ಯ ನ್ಯಾಯಾಲಯದ ಮೂಲಕ 1993ರಲ್ಲಿ ಅವರಿಗೆ ದೊರೆಯಿತು. ಅದರಿಂದ ಲೀಗು ಮುಳುಗಲಿಲ್ಲ, ಇನ್ನಷ್ಟು ಕೊಬ್ಬಿತು.

ಇಷ್ಟರಲ್ಲಿ ಒಡೆತನ ಕೈ ಬದಲಾಯಿಸಿತ್ತು. ಮರ್ಚಿಸನ್ 1984ರಲ್ಲಿ ತಂಡವನ್ನು ಬಮ್ ಬ್ರೈಟ್ ಎಂಬಾತನಿಗೆ ಮಾರಿದ. ಗೆಲುವು ಇಳಿಯಿತು, 1988ರಲ್ಲಿ 16 ಪಂದ್ಯಗಳಲ್ಲಿ ಮೂರೇ ಜಯ. 1989ರ ಫೆಬ್ರುವರಿ 25ರಂದು ಜೆರ್ರಿ ಜೋನ್ಸ್ ಎಂಬ ಎಣ್ಣೆ ವ್ಯಾಪಾರಿ ತಂಡವನ್ನೂ ಸ್ಟೇಡಿಯಮ್ಮಿನ ಗುತ್ತಿಗೆಯನ್ನೂ ಸುಮಾರು 14 ಕೋಟಿ ಡಾಲರಿಗೆ ಕೊಂಡ. ಅದೇ ದಿನ, 29 ವರ್ಷ ತಂಡವನ್ನು ನಡೆಸಿದ ಲ್ಯಾಂಡ್ರಿಯನ್ನು ತೆಗೆದುಹಾಕಲಾಯಿತು. ಆ ಸುದ್ದಿಯನ್ನು ಹೇಳಲು ಹೊಸ ಧಣಿಯ ಜತೆ ವಿಮಾನದಲ್ಲಿ ಆಸ್ಟಿನ್ ಬಳಿಗೆ ಹೋದವನು ಶ್ರಾಮ್. ಹತ್ತು ವರ್ಷದ ಕರಾರು ಬರೆದುಕೊಟ್ಟ ಕೈಯೇ ಇದಕ್ಕೂ ಸಾಕ್ಷಿಯಾಗಬೇಕಾಯಿತು. ಕಣ್ಣಲ್ಲಿ ನೀರು ತಂದುಕೊಂಡನೆಂದು ಕಂಡವರು ಹೇಳಿದರು. ಕೆಲವೇ ತಿಂಗಳೊಳಗೆ ಶ್ರಾಮನೂ ಹೊರಗೆ, ಬ್ರಾಂಟನೂ ಹೊರಗೆ. ರೊಜೆಲ್ ಅದೇ ವರ್ಷ ಲೀಗಿನಿಂದ ನಿವೃತ್ತನಾದ.

ಜೋನ್ಸ್ ಜನರಲ್ ಮೇನೇಜರನ ಹುದ್ದೆಗೆ ಬೇರೆ ಯಾರನ್ನೂ ನೇಮಿಸಲಿಲ್ಲ; ತಾನೇ ಆ ಕುರ್ಚಿಯಲ್ಲಿ ಕುಳಿತ. 6 ಲಕ್ಷ ಡಾಲರಿಗೆ ಆರಂಭವಾದ ತಂಡದ ಬೆಲೆ 2024ರಲ್ಲಿ ಫೋರ್ಬ್ಸ್ ಪತ್ರಿಕೆಯ ಅಂದಾಜಿನಂತೆ ಸಾವಿರ ಕೋಟಿ ಡಾಲರನ್ನು ದಾಟಿತ್ತು.

ಶ್ರಾಮ್ ಸುಮ್ಮನಿರಲಾರದೆ, ಯೂರೋಪಿನ ನಗರಗಳಲ್ಲೂ ಆಡಿಸಬೇಕೆಂದಿದ್ದ ಹೊಸ ವಿಶ್ವ ಲೀಗಿನ ಅಧ್ಯಕ್ಷನಾದ. 1991ರಲ್ಲಿ ಅದರ ಮೊದಲ ಚೆಂಡು ಎಸೆಯುವ ಮುನ್ನವೇ, 1990ರ ಅಕ್ಟೋಬರಿನಲ್ಲಿ, ಧಣಿಗಳು ಆತನನ್ನು ಕೆಳಗಿಳಿಸಿದರು. 1991ರಲ್ಲಿ ವೃತ್ತಿ ಫುಟ್‌ಬಾಲಿನ ಕೀರ್ತಿಮಂದಿರಕ್ಕೆ ಹೆಸರು ಸೇರಿತು. ಲ್ಯಾಂಡ್ರಿ ಒಂದು ವರ್ಷ ಮೊದಲೇ ಸೇರಿದ್ದ.

ಟೆಕ್ಸಸ್ ಸ್ಟೇಡಿಯಮ್ಮಿನ ಒಳಸುತ್ತಿನಲ್ಲಿ ತಂಡದ ಶ್ರೇಷ್ಠರ ಹೆಸರುಗಳನ್ನು ಬರೆಯುವ ಪದ್ಧತಿಯನ್ನು 1975ರಲ್ಲಿ ಆರಂಭಿಸಿದವನು ಶ್ರಾಮ್. ಯಾರ ಹೆಸರು ಬರೆಯಬೇಕೆಂಬುದನ್ನು ಆತನೇ ನಿರ್ಧರಿಸುತ್ತಿದ್ದ. 1989ರ ಮೇಲೆ ಆ ಅಧಿಕಾರವೂ ಜೋನ್ಸನಿಗೆ ಹೋಯಿತು. 14 ವರ್ಷ ಶ್ರಾಮನ ಹೆಸರು ಅಲ್ಲಿ ಕಾಣಲಿಲ್ಲ. 2003ರಲ್ಲಿ ಜೋನ್ಸ್ ಆ ಗೌರವವನ್ನು ಪ್ರಕಟಿಸಿದ. ಶ್ರಾಮ್ ಸುದ್ದಿ ಕೇಳಿ ಸಂತೋಷಪಟ್ಟ; ಜುಲೈ 15ರಂದು ಡಲ್ಲಾಸಿನಲ್ಲಿ, ತನ್ನ 83ನೆಯ ವಯಸ್ಸಿನಲ್ಲಿ ತೀರಿಕೊಂಡ. ಪಂದ್ಯಕಾಲ ಆರಂಭವಾದ ಮೇಲೆ ಹೆಸರನ್ನು ಬರೆದರು. ಆ ಸ್ಟೇಡಿಯಮ್ಮನ್ನು 2010ರ ಏಪ್ರಿಲ್ 11ರಂದು ಸಿಡಿಮದ್ದು ಇಟ್ಟು ಕೆಡವಿದರು.